ಸೇನಾ ಸರಕು ಸಾಗಣೆ ವಿಮಾನದ ತರಬೇತಿ ಅಪಘಾತ: ಕಾರಣ, ವಿಚಾರಣೆ ಹಾಗೂ ಕುಟುಂಬದವರಿಗಿರುವ ಸೌಲಭ್ಯಗಳು

ಯುದ್ಧವಿಲ್ಲದ ಕಾಲದಲ್ಲಿಯೂ ಸೇನಾ ವಿಮಾನಗಳು ಅಪಘಾತಕ್ಕೀಡಾಗಿ ಯೋಧರು ಪ್ರಾಣ ಕಳೆದುಕೊಳ್ಳುವುದುಂಟು. ಇಂತಹ ಸಂದರ್ಭಗಳಲ್ಲಿ ಅಪಘಾತದ ಕಾರಣ, ವಿಚಾರಣೆಯ ವಿಧಾನ ಹಾಗೂ ಮೃತರ ಅವಲಂಬಿತರಿಗೆ ದೊರೆಯುವ ನೆರವಿನ ಬಗ್ಗೆ ಸಾರ್ವಜನಿಕರಲ್ಲಿ ಪ್ರಶ್ನೆಗಳು ಮೂಡುವುದು ಸಹಜ. 2014ರಲ್ಲಿ ಸಂಭವಿಸಿದ ಒಂದು ಅಪಘಾತವನ್ನು ಆಧರಿಸಿ ಈ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

1. ಘಟನೆಯ ವಿವರ

ದಿನಾಂಕ 28-03-2014ರಂದು ಬೆಳಿಗ್ಗೆ ಸುಮಾರು 10 ಗಂಟೆಗೆ ಭಾರತೀಯ ವಾಯುಪಡೆಯ ಸಿ-130ಜೆ ಸೂಪರ್ ಹರ್ಕ್ಯುಲಸ್ ವಿಮಾನವು ಆಗ್ರಾ ನೆಲೆಯಿಂದ ತರಬೇತಿ ಹಾರಾಟಕ್ಕೆ ಹೊರಟಿತು. ಅದೇ ಮಾದರಿಯ ಇನ್ನೊಂದು ವಿಮಾನವು ಮುಂದೆ ಸಾಗುತ್ತಿದ್ದು, ಎರಡೂ ಜೋಡಿಯಾಗಿ ಕೆಳಮಟ್ಟದ ಹಾರಾಟದ ಅಭ್ಯಾಸದಲ್ಲಿ ತೊಡಗಿದ್ದವು. ಗ್ವಾಲಿಯರ್‌ನಿಂದ ಪಶ್ಚಿಮಕ್ಕೆ ಸುಮಾರು 115 ಕಿ.ಮೀ. ದೂರದಲ್ಲಿ, ರಾಜಸ್ಥಾನ-ಮಧ್ಯಪ್ರದೇಶ ಗಡಿ ಪ್ರದೇಶದಲ್ಲಿ, ಹಿಂದಿನ ವಿಮಾನವು ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಐವರೂ ಮೃತಪಟ್ಟರು.

ಈ ವಿಮಾನವು ದೆಹಲಿ ಸಮೀಪದ ಹಿಂಡನ್ ನೆಲೆಯ 77ನೇ ಸ್ಕ್ವಾಡ್ರನ್‌ಗೆ ಸೇರಿದ್ದು, 2011ರಿಂದ ಸೇವೆಗೆ ಬಂದ ಆರು ವಿಮಾನಗಳಲ್ಲಿ ಒಂದಾಗಿತ್ತು. ನಾಲ್ಕು ಎಂಜಿನ್‌ಗಳ ಈ ಮಾದರಿಯ ವಿಮಾನವು ಕಚ್ಚಾ ರನ್‌ವೇಯಲ್ಲಿಯೂ ಇಳಿಯಬಲ್ಲದು. 2013ರ ಆಗಸ್ಟ್‌ನಲ್ಲಿ ಇದೇ ಮಾದರಿಯ ವಿಮಾನವು 16,614 ಅಡಿ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿದಿತ್ತು.

2. ಕೆಳಮಟ್ಟದ ಹಾರಾಟದ ಅಗತ್ಯ

ಶತ್ರುವಿನ ರೇಡಾರ್‌ಗೆ ಕಾಣದಂತೆ ಯೋಧರನ್ನೂ ಸಾಮಗ್ರಿಯನ್ನೂ ತಲುಪಿಸಬೇಕಾದರೆ ವಿಮಾನವು ಬೆಟ್ಟ, ಕಣಿವೆಗಳ ಮರೆಯಲ್ಲಿ ನೆಲಕ್ಕೆ ಸಮೀಪವಾಗಿ ಹಾರಬೇಕಾಗುತ್ತದೆ. ಯುದ್ಧಕಾಲದಲ್ಲಿ ಇದನ್ನು ಮೊದಲ ಬಾರಿಗೆ ಕಲಿಯಲಾಗದು. ಆದುದರಿಂದ ಅಪಾಯವಿದ್ದರೂ ಶಾಂತಿಕಾಲದಲ್ಲಿ ಇದನ್ನು ಅಭ್ಯಾಸ ಮಾಡುವುದು ಅನಿವಾರ್ಯ. ಸಾರಿಗೆ ವಿಮಾನ ಚಾಲಕರ ತರಬೇತಿಯ ಪ್ರಮುಖ ಕೇಂದ್ರಗಳಲ್ಲಿ ಬೆಂಗಳೂರಿನ ಯಲಹಂಕ ವಾಯುಪಡೆ ನೆಲೆಯೂ ಒಂದು.

3. ಅಪಘಾತದ ಕಾರಣ

ಮುಂದಿನ ವಿಮಾನವು ಉಂಟುಮಾಡಿದ ಸುಳಿಗಾಳಿಗೆ ಹಿಂದಿನ ವಿಮಾನವು ಸಿಲುಕಿದ್ದೇ ಅಪಘಾತಕ್ಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬಂದಿತು.

ಹಾರುತ್ತಿರುವ ವಿಮಾನದ ರೆಕ್ಕೆಯ ಕೆಳಭಾಗದಲ್ಲಿ ಗಾಳಿಯ ಒತ್ತಡ ಹೆಚ್ಚಾಗಿಯೂ ಮೇಲ್ಭಾಗದಲ್ಲಿ ಕಡಿಮೆಯಾಗಿಯೂ ಇರುತ್ತದೆ. ರೆಕ್ಕೆಯ ತುದಿಗಳಲ್ಲಿ ಕೆಳಗಿನ ಗಾಳಿಯು ಮೇಲಕ್ಕೆ ನುಗ್ಗುವುದರಿಂದ, ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಸುಳಿಗಳು ಹುಟ್ಟಿ ವಿಮಾನದ ಹಿಂದೆ ಚಾಚಿಕೊಳ್ಳುತ್ತವೆ. ವಿಮಾನವು ಭಾರವಾದಷ್ಟೂ ನಿಧಾನವಾದಷ್ಟೂ ಸುಳಿಯ ಬಲ ಹೆಚ್ಚು. ಇವು ಕಣ್ಣಿಗೆ ಕಾಣುವುದಿಲ್ಲ. ನಿಧಾನವಾಗಿ ಕೆಳಕ್ಕಿಳಿಯುತ್ತಾ, ಗಾಳಿ ಶಾಂತವಾಗಿದ್ದಲ್ಲಿ ಕೆಲವು ನಿಮಿಷಗಳವರೆಗೂ ಉಳಿಯಬಲ್ಲವು. ನಾಗರಿಕ ವಿಮಾನ ನಿಲ್ದಾಣಗಳಲ್ಲಿ ಭಾರಿ ವಿಮಾನದ ಹಿಂದೆ ಹಗುರ ವಿಮಾನವನ್ನು ಕೂಡಲೇ ಬಿಡದೆ ಕಾಯಿಸುವುದು ಇದೇ ಕಾರಣಕ್ಕಾಗಿ.

ಸುಳಿಗೆ ಸಿಲುಕಿದ ವಿಮಾನವು ಒಂದು ಪಕ್ಕಕ್ಕೆ ಹಠಾತ್ತನೆ ಹೊರಳುತ್ತದೆ. ಸಾಕಷ್ಟು ಎತ್ತರವಿದ್ದಲ್ಲಿ ಚಾಲಕರು ಅದನ್ನು ಸರಿಪಡಿಸಿಕೊಳ್ಳಲು ಅವಕಾಶವಿರುತ್ತದೆ. ಆದರೆ ಗಂಟೆಗೆ 450 ಕಿ.ಮೀ. ವೇಗದಲ್ಲಿ ವಿಮಾನವು ಸೆಕೆಂಡಿಗೆ 125 ಮೀಟರ್ ಕ್ರಮಿಸುತ್ತದೆ. ನೆಲ ಸಮೀಪದಲ್ಲಿದ್ದಾಗ ಎಷ್ಟೇ ಅನುಭವಿ ಚಾಲಕರಿಗೂ ದೊರೆಯುವ ಸಮಯ ಅತ್ಯಲ್ಪ.

4. ವಿಚಾರಣೆಯ ಮಹತ್ವ

ಸೇನಾ ವಿಮಾನಗಳ ಅಪಘಾತವನ್ನು ವಾಯುಪಡೆಯೇ ನೇಮಿಸುವ ಕೋರ್ಟ್ ಆಫ್ ಎನ್‌ಕ್ವೈರಿಯು ತನಿಖೆ ಮಾಡುತ್ತದೆ. ಅವಶೇಷಗಳ ಪರಿಶೀಲನೆ, ಹಾರಾಟ ದಾಖಲೆಗಳು ಹಾಗೂ ಸಾಕ್ಷಿಗಳ ಹೇಳಿಕೆಗಳ ಆಧಾರದ ಮೇಲೆ ಕಾರಣವನ್ನು ನಿರ್ಧರಿಸಿ, ಮತ್ತೆ ಹೀಗಾಗದಂತೆ ಕೈಗೊಳ್ಳಬೇಕಾದ ಕ್ರಮಗಳನ್ನು ಶಿಫಾರಸು ಮಾಡಲಾಗುತ್ತದೆ. ಮರಣವು ಕರ್ತವ್ಯದಲ್ಲಿದ್ದಾಗ ಸಂಭವಿಸಿದೆ ಎಂಬುದು ದಾಖಲಾಗುವುದು ಕುಟುಂಬದವರ ಪಿಂಚಣಿಯ ದೃಷ್ಟಿಯಿಂದಲೂ ಮುಖ್ಯವಾಗಿರುತ್ತದೆ.

5. ಅವಲಂಬಿತರಿಗೆ ಸೌಲಭ್ಯಗಳು

ತರಬೇತಿ ಹಾರಾಟವೂ ಕರ್ತವ್ಯವೇ ಆಗಿದೆ. ಯುದ್ಧದಲ್ಲಿ ಮಡಿದಿಲ್ಲವೆಂಬ ಕಾರಣಕ್ಕೆ ಏನೂ ದೊರೆಯುವುದಿಲ್ಲವೆಂಬ ಭಾವನೆ ಸರಿಯಲ್ಲ.

ಅ) ಸೇವೆಯ ಕಾರಣದಿಂದ ಮರಣ ಸಂಭವಿಸಿದಲ್ಲಿ ಕೊನೆಯ ವೇತನದ ಶೇ. 60ರಷ್ಟು ವಿಶೇಷ ಕುಟುಂಬ ಪಿಂಚಣಿ.

ಆ) ಕರ್ತವ್ಯನಿರತರಾಗಿದ್ದಾಗ ಅಪಘಾತದಿಂದ ಮರಣ ಹೊಂದಿದಲ್ಲಿ, 01-01-2016ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ಆದೇಶದಂತೆ ರೂ. 25 ಲಕ್ಷ ಎಕ್ಸ್‌ಗ್ರೇಷಿಯಾ ಪರಿಹಾರ. ಇದಕ್ಕೂ ಮುನ್ನ ಈ ಮೊತ್ತ ರೂ. 10 ಲಕ್ಷ ಆಗಿತ್ತು.

ಮರಣ ಪ್ರಮಾಣಪತ್ರ, ವಿವಾಹದ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ ಮತ್ತು ಬ್ಯಾಂಕ್ ಖಾತೆಯ ವಿವರಗಳಲ್ಲಿ ಹೆಸರು ಒಂದೇ ರೀತಿ ಇರುವುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ. ಹೆಸರಿನ ವ್ಯತ್ಯಾಸದಿಂದ ಮಂಜೂರಾತಿ ವಿಳಂಬವಾಗಬಹುದು. ಕರ್ನಾಟಕದಲ್ಲಿ ವಾಸವಿರುವ ಅವಲಂಬಿತರು ಮಾರ್ಗದರ್ಶನಕ್ಕಾಗಿ ತಮ್ಮ ಜಿಲ್ಲೆಗೆ ಸಂಬಂಧಿಸಿದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.

6. ಸಾರ್ವಜನಿಕರ ಗಮನಕ್ಕೆ

ವಿಮಾನ ಬಿದ್ದಿರುವುದು ಕಂಡುಬಂದಲ್ಲಿ ಕೂಡಲೇ 112ಕ್ಕೆ ಕರೆ ಮಾಡಿ ಸ್ಥಳದ ಮಾಹಿತಿ ನೀಡುವುದು. ಇಂಧನ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಗುಂಪುಗೂಡದಿರುವುದು. ಅವಶೇಷಗಳನ್ನು ಮುಟ್ಟುವುದಾಗಲಿ, ಮನೆಗೆ ಒಯ್ಯುವುದಾಗಲಿ ಮಾಡಬಾರದು. ಒಂದು ಸಣ್ಣ ತುಣುಕೂ ಸಾಕ್ಷ್ಯವಾಗಿದ್ದು, ಮುಂದೆ ಅದೇ ಮಾದರಿಯ ವಿಮಾನದಲ್ಲಿ ಹಾರುವವರ ಪ್ರಾಣ ಉಳಿಸಲು ನೆರವಾಗಬಲ್ಲದು.