ಹುಣಸೆಯ ಹುಳಿಗೆ ದ್ರಾಕ್ಷಾರಸದ ಪೀಪಾಯಿಯ ಹೆಸರು

ಕೃಷ್ಣಗಿರಿಯ ಮಾವಿನ ತಿರುಳು ಡಬ್ಬ ಸೇರುವಾಗ ಅದರೊಂದಿಗೆ ಸಿಟ್ರಿಕ್ ಆಮ್ಲವೂ ಸೇರುವುದುಂಟು. ಆ ಹೆಸರು ಓದಿದ ಕೆಲವರು ‘ಕೆಮಿಕಲ್’ ಎಂದು ಹೆದರುತ್ತಾರೆ, ಕೆಲವರು ನಿಂಬೆರಸವೆಂದು ನಂಬುತ್ತಾರೆ. ಎರಡೂ ಸರಿಯಲ್ಲ. 1784ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಅದನ್ನು ನಿಂಬೆರಸದಿಂದ ಹರಳಾಗಿ ಬೇರ್ಪಡಿಸಿದ. ಹೆಸರಿನಲ್ಲಿ ನಿಂಬೆ ಉಳಿದದ್ದು ಹಾಗೆ. ಮಾವಿನ ಸ್ವಂತ ಹುಳಿಯಲ್ಲೂ ಅದು ಇದೆ. ಇಂದಿನ ಕಾರ್ಖಾನೆಗಳಲ್ಲಿ ಮಾತ್ರ ಸಕ್ಕರೆ ಅಥವಾ ಕಾಕಂಬಿಯಲ್ಲಿ ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟು ಬೆಳೆಸಿ ಅದನ್ನು ಪಡೆಯುತ್ತಾರೆ. ಹುಟ್ಟಿದ ಜಾಗ ಬೇರೆ, ಅಣು ಅದೇ.

ಈ ಸೀಮೆಯ ಹುಣಸೆಯದು ಇನ್ನೂ ಸೋಜಿಗದ ಕಥೆ. ಹುಣಸೆಗೆ ಹುಳಿ ಕೊಡುವುದು ಟಾರ್ಟಾರಿಕ್ ಆಮ್ಲ. ಟ್ಯಾಮರಿಂಡ್‌ನಿಂದಲೇ ಟಾರ್ಟಾರಿಕ್ ಬಂದಿರಬೇಕು ಎಂದು ಯಾರಿಗಾದರೂ ಅನಿಸೀತು. ಆದರೆ ದ್ರಾಕ್ಷಾರಸದ ಪೀಪಾಯಿಗಳ ಒಳಮೈಗೆ ಕಟ್ಟುವ ಗಟ್ಟಿ ಗಸಿಗೆ ಯುರೋಪಿನಲ್ಲಿ ‘ಟಾರ್ಟರ್’ ಎನ್ನುತ್ತಿದ್ದರು. 1769ರಲ್ಲಿ ಅದೇ ಶೀಲೆ ಆ ಗಸಿಯಿಂದ ಆಮ್ಲವನ್ನು ಬಿಡಿಸಿದ. ಹಣ್ಣುಗಳಲ್ಲೆಲ್ಲ ಅತಿ ಹೆಚ್ಚು ಟಾರ್ಟಾರಿಕ್ ಹೊತ್ತ ನಮ್ಮ ಹುಣಸೆಗೆ ಆ ಹೆಸರಿನಲ್ಲಿ ಪಾಲೇ ಇಲ್ಲ.

ಹೊಸೂರಿನ ಹೂದೋಟಗಳ ಗುಲಾಬಿಯೂ ಇಂಥದೇ ಮಾತು ಹೇಳುತ್ತದೆ. ಗುಲಾಬಿ ಎಣ್ಣೆಯ ಪರಿಮಳಕ್ಕೆ ಕಾರಣವಾದವುಗಳಲ್ಲಿ ಒಂದು ಜೆರಾನಿಯಾಲ್. ಜೆರಾನಿಯಂ ಗಿಡದ ಹೆಸರು ಹೊತ್ತ ಇದನ್ನು 1871ರಲ್ಲಿ ಜರ್ಮನಿಯ ಆಸ್ಕರ್ ಯಾಕೋಬ್ಸೆನ್ ಶುದ್ಧವಾಗಿ ಪಡೆದದ್ದು ಭಾರತದ ಒಂದು ಸುವಾಸನೆಯ ಹುಲ್ಲಿನ ಎಣ್ಣೆಯಿಂದ. ವ್ಯಾಪಾರದಲ್ಲಿ ಆ ಹುಲ್ಲನ್ನೂ ಜೆರಾನಿಯಂ ಎಂದೇ ಕರೆಯುತ್ತಿದ್ದರು.

ಇವು ಕುತೂಹಲದ ಮಟ್ಟದಲ್ಲೇ ಮುಗಿಯುವ ಗೊಂದಲಗಳು. ಮಾವು ಹಣ್ಣು ಮಾಡುವ ಕಾರ್ಬೈಡಿನದು ಹಾಗಲ್ಲ. ‘ಅದರಿಂದ ಬರುವುದೂ ಹಣ್ಣು ತಾನೇ ಬಿಡುವ ಗ್ಯಾಸೇ’ ಎಂಬ ಮಾತು ಅಪಾಯದ್ದು. ಮಾಗುವ ಮಾವು ತಾನೇ ಬಿಡುವುದು ಎಥಿಲೀನ್. ಕ್ಯಾಲ್ಸಿಯಂ ಕಾರ್ಬೈಡ್‌ಗೆ ತೇವ ತಗುಲಿದರೆ ಏಳುವುದು ಅಸಿಟಿಲೀನ್, ಅಂದರೆ ವೆಲ್ಡಿಂಗ್ ಅಂಗಡಿಯ ಗ್ಯಾಸ್. 1860ರಲ್ಲಿ ಫ್ರಾನ್ಸಿನ ಬೆರ್ತೆಲೊ ಕೊಟ್ಟ ಈ ಹೆಸರಿನ ಬೇರು ವಿನೆಗರ್ ಎಂಬರ್ಥದ ಲ್ಯಾಟಿನ್ ಪದದಲ್ಲಿದೆ, ಆದರೆ ಈ ಗ್ಯಾಸ್ ವಿನೆಗರ್‌ನಂತೆ ಊಟಕ್ಕೆ ಬರುವುದಲ್ಲ. ಎರಡು ಹೆಸರೂ ‘ಲೀನ್’ ಎಂದು ಮುಗಿದ ಮಾತ್ರಕ್ಕೆ ಎರಡೂ ಒಂದಾಗುವುದಿಲ್ಲ. ಕಾರ್ಬೈಡಿನ ಹೆಸರಿನಲ್ಲಿ ಕ್ಯಾಲ್ಸಿಯಂ ಇದ್ದರೂ ಮೂಳೆಗೆ ಬಲ ಬರದು. ಮಾರುಕಟ್ಟೆಯ ಕಾರ್ಬೈಡಿನಲ್ಲಿ ಆರ್ಸೆನಿಕ್ ಮತ್ತು ರಂಜಕದ ಕಲ್ಮಶವೂ ಬೆರೆತಿರುತ್ತದೆ. ಹಣ್ಣು ಮಾಗಿಸಲು ಅದನ್ನು ಬಳಸುವುದನ್ನು 2011ರ ಆಹಾರ ಸುರಕ್ಷತಾ ನಿಯಮ ನಿಷೇಧಿಸಿದೆ. ಎಥಿಲೀನ್ ಅನಿಲವನ್ನಾದರೆ ಹತ್ತು ಲಕ್ಷಕ್ಕೆ 100 ಭಾಗದವರೆಗೆ ಬಳಸಬಹುದು.

ಗ್ಯಾಸಿನಲ್ಲಿ ಮಾಗಿಸಿದ ಹಣ್ಣೆಂದು ಅಂಗಡಿಯವರು ಹೇಳಿದರೆ, ಯಾವ ಗ್ಯಾಸ್ ಎಂದು ಕೇಳಿಯೇ ಕೊಳ್ಳಿ.