ಬಾನೆಟ್ಟಿನೊಳಗೆ ಉಳಿದುಹೋದ ಕೆಸರು

ಮಸಿನಗುಡಿಯ ಜೀಪಿನೊಳಗೆ ಎಷ್ಟು ಕೆಸರಿದೆ ಎಂಬುದನ್ನು ಹೇಳುವುದು ಕಲ್ಲಟ್ಟಿ ಘಾಟಿ. ಮೋಯಾರು, ಆನೆಕಟ್ಟಿ ಕಡೆಯ ಮಣ್ಣುದಾರಿಯಲ್ಲಿ ಓಡಾಡಿಕೊಂಡಿದ್ದಷ್ಟು ದಿನ ಗಾಡಿ ತಕರಾರು ಮಾಡದು. ಊಟಿಗೆಂದು 36 ತಿರುವುಗಳನ್ನು ಹತ್ತತೊಡಗಿದಾಗ ಎಂಜಿನ್ ಕಾವು ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಸರಿಯುತ್ತದೆ. ಫಸ್ಟ್, ಸೆಕೆಂಡ್ ಗೇರಿನ ಏರು. ಎಂಜಿನ್‌ಗೆ ದುಡಿತ ಹೆಚ್ಚು, ಎದುರುಗಾಳಿ ಕಡಿಮೆ. ರೇಡಿಯೇಟರಿನ ತೆಳ್ಳನೆ ರೆಕ್ಕೆಗಳ ಸಂದಿಯಲ್ಲಿ ಮಣ್ಣು ಒಣಗಿ ಕೂತಿದ್ದರೆ ಇರುವ ಅಷ್ಟಿಷ್ಟು ಗಾಳಿಯೂ ಒಳಗೆ ಹೋಗದು. ತಿರುವಿನಲ್ಲಿ ಬಾನೆಟ್ ಎತ್ತಿ, ಹಬೆ ಇಳಿಯಲೆಂದು ಕಾಯಬೇಕಾಗುತ್ತದೆ.

ಮಣ್ಣು ಹೀಗೆ ಒಣಗಿ ಕೂರುವುದರಲ್ಲಿ ಇಲ್ಲಿನ ಹವೆಯ ಪಾಲೂ ಇದೆ. ಬೆಟ್ಟದ ಪಡುವಣ ಮಗ್ಗುಲಿನ ಗೂಡಲೂರಿನಲ್ಲಿ ಮುಂಗಾರು ಬಿಡದೆ ಹೊಯ್ಯುತ್ತದೆ. ಮಳೆನೆರಳಿನಲ್ಲಿರುವ ಮಸಿನಗುಡಿಗೆ ಮೇ ತಿಂಗಳ ಗುಡುಗುಮಳೆ ಬರುತ್ತದೆ, ಮತ್ತೆ ಅಕ್ಟೋಬರ್-ನವೆಂಬರಿನ ಹಿಂಗಾರು. ನಡುವೆ ಚುರುಕು ಬಿಸಿಲು. ಇವತ್ತು ಎರಚಿದ ರಾಡಿ ನಾಳೆ ಎಂಜಿನ್ನಿನ ಕಾವಿಗೆ ಗಟ್ಟಿಯಾಗುತ್ತದೆ.

ಈ ಕಾಡಿನ ಮೂಲೆಗೆ ಯಂತ್ರಗಳನ್ನು ಕರೆತಂದದ್ದು ಕರೆಂಟು. ಸಿಂಗಾರದ ಪೈಕಾರಾ ವಿದ್ಯುದಾಗಾರ 1932ರಲ್ಲಿ, ಮೋಯಾರಿನದು 1952ರಲ್ಲಿ ಶುರುವಾಯಿತು. ಇವೆರಡರ ನಡುವಿನ ಕಾಲದಲ್ಲೇ ಜೀಪು ಹುಟ್ಟಿದ್ದು. ಅಮೆರಿಕದ ಸೇನೆಗಾಗಿ 1941ರಿಂದ ತಯಾರಾದ ವಿಲ್ಲಿಸ್ ಎಂಬಿ, ಯುದ್ಧ ಮುಗಿದ ಮೇಲೆ ಹರಾಜಿನ ಮಾಲಾಗಿ ನಮ್ಮ ಎಸ್ಟೇಟುಗಳಿಗೂ ಬಂತು. ಆಮೇಲೆ ಮಹೀಂದ್ರಾ ಕಂಪನಿ ಅದರ ಭಾಗಗಳನ್ನು ತರಿಸಿ ಇಲ್ಲೇ ಜೋಡಿಸತೊಡಗಿತು.

ಆ ಹಳೆಯ ಜೀಪಿನ ಬಾನೆಟ್ ಎತ್ತಿದರೆ ಒಳಗೆ ಕಾಣುವುದು ಬರೀ ಜಾಗ. 2.2 ಲೀಟರಿನ ಗಿಡ್ಡ ಪೆಟ್ರೋಲ್ ಎಂಜಿನ್, ಡೈನಮೋ, ಕಾರ್ಬ್ಯುರೇಟರ್, ಎಣ್ಣೆಯಲ್ಲಿ ಧೂಳು ಹಿಡಿಯುವ ಏರ್ ಫಿಲ್ಟರ್. ಎರಡೂ ಬದಿಯಿಂದ ಕೈ ಹಾಕಬಹುದು, ಕೆಳಗೆ ನೆಲ ಕಾಣುತ್ತದೆ. ಕೆಸರು ಒಳಗೆ ಬಂದರೂ ಬಕೆಟ್ ನೀರು ಹುಯ್ದರೆ ಕೆಳಗಿಳಿದು ಹೋಗುತ್ತಿತ್ತು. ಆ ಜೀಪಿಗೆ ಭಯವಿದ್ದದ್ದು ನೀರಿನದು. ಹಳ್ಳ ದಾಟುವಾಗ ಫ್ಯಾನು ನೀರನ್ನೆತ್ತಿ ಡಿಸ್ಟ್ರಿಬ್ಯೂಟರಿಗೆ ರಾಚಿದರೆ ಕಿಡಿ ಸತ್ತು, ಗಾಡಿ ನಡುನೀರಿನಲ್ಲಿ ನಿಂತುಬಿಡುತ್ತಿತ್ತು. ಅದಕ್ಕೇ ಬಲ್ಲವರು ದಡದಲ್ಲೇ ಫ್ಯಾನ್ ಬೆಲ್ಟ್ ಕಳಚಿಕೊಳ್ಳುತ್ತಿದ್ದರು.

1980ರ ದಶಕದಲ್ಲಿ ಪ್ಯೂಜೋ ಮೂಲದ ಡೀಸೆಲ್ ಎಂಜಿನ್ ಹೊತ್ತ ಮಹೀಂದ್ರಾದ ಎಂಎಂ 540 ಜೀಪು ಬಂದ ಮೇಲೆ ಆ ಭಯವೂ ಹೋಯಿತು. ಡೀಸೆಲ್‌ಗೆ ಕಿಡಿ ಬೇಡ. ತೊಳೆಯುವುದರಲ್ಲಿ ಸಸಾರ ಶುರುವಾದದ್ದು ಅಲ್ಲಿಂದಲೇ ಎಂದು ನನ್ನ ಎಣಿಕೆ. ವಾಟರ್ ಸರ್ವಿಸ್‌ನವರು ಬಿಸಿ ಎಂಜಿನ್‌ಗೇ ಪೈಪು ಹಿಡಿದರು. ಮೇಲೆ ಹೊಳಪಿಗೆಂದು ಡೀಸೆಲ್ ಸಿಂಪಡಿಸಿದರು. ಆ ಹೊಳಪು ಎರಡು ದಿನದ್ದು. ಡೀಸೆಲ್ ಪಸೆಗೆ ಧೂಳು ಇನ್ನಷ್ಟು ಅಂಟುತ್ತದೆ, ರಬ್ಬರ್ ಹೋಸುಗಳು ಉಬ್ಬಿ ಮೆತ್ತಗಾಗುತ್ತವೆ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕಿನ ಅಪಾಯ ಬೇರೆ.

2010ರ ಮಹೀಂದ್ರಾ ಥಾರ್ ಕಾಲಕ್ಕೆ ಬಾನೆಟ್ಟಿನೊಳಗೆ ಬೆರಳು ತೂರಿಸಲೂ ಎಡೆಯಿಲ್ಲ. ಟರ್ಬೊ, ಇಂಟರ್‌ಕೂಲರ್, ಸೆನ್ಸರುಗಳು, ವೈರಿಂಗ್. ರೇಡಿಯೇಟರಿನ ಮುಂದೆ ಎಸಿ ಕಂಡೆನ್ಸರ್. ಇವೆರಡರ ನಡುವಿನ ಸಂದಿಗೆ ಸೇರಿದ ಹುಲ್ಲು, ಲಂಟಾನ ಎಲೆ, ಮಣ್ಣು ಹೊರಗಿನಿಂದ ಕಣ್ಣಿಗೂ ಬೀಳದು. ಕಲ್ಲೇಟು ತಡೆಯಲು ಕೆಳಗೆ ಹಾಕಿಸಿದ ತಗಡು ಕೆಸರನ್ನು ತನ್ನ ಮೇಲೆಯೇ ತುಂಬಿಕೊಳ್ಳುತ್ತದೆ. 2020ರ ಥಾರ್ 650 ಮಿಲಿಮೀಟರ್ ನೀರಿನಲ್ಲಿ ಹಾಯಬಲ್ಲದು ಎನ್ನುತ್ತದೆ ಕಂಪನಿ. ಆದರೆ ನೀರು ಇಳಿದುಹೋಗುತ್ತದೆ, ಕೆಸರು ಉಳಿಯುತ್ತದೆ. ಆಲ್ಟರ್ನೇಟರಿನೊಳಗೆ ಹೊಕ್ಕ ಮಣ್ಣು ಕಾರ್ಬನ್ ಬ್ರಷ್ಷನ್ನೂ ಬೇರಿಂಗನ್ನೂ ಸವೆಸುತ್ತದೆ. ಬೆಲ್ಟು ಕಿರುಗುಟ್ಟುವುದು ಮೊದಲ ಸೂಚನೆ. ಸೈಲೆನ್ಸರ್ ಪೈಪಿನ ಬುಡದಲ್ಲಿ ಒಣಹುಲ್ಲು ಸಿಕ್ಕಿಕೊಂಡಿದ್ದರೆ ಬೆಂಕಿಗೂ ದಾರಿ.

ಹಾಗಾಗಿ ತೊಳೆಯುವ ಬಗೆಯೂ ಬದಲಾಗಬೇಕು. ಎಂಜಿನ್ ಆರಲಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಏರ್ ಫಿಲ್ಟರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಒಣ ಮಣ್ಣನ್ನು ಮೊದಲು ಸಣ್ಣ ಧಾರೆಯಲ್ಲಿ ನೆನೆಯಬಿಟ್ಟು, ಅರ್ಧ ಗಂಟೆ ಬಿಟ್ಟು ಮೆತ್ತನೆಯ ಬ್ರಷ್ಷು, ಸೋಪಿನ ನೀರು ಬಳಸಿದರಾಯಿತು. ರೇಡಿಯೇಟರಿಗೆ ಮಾತ್ರ ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡಬೇಕು. ಮುಂದಿನಿಂದ ಬಿಟ್ಟರೆ ಮಣ್ಣು ಇನ್ನೂ ಒಳಕ್ಕೆ ಕೂರುತ್ತದೆ. ಪ್ರೆಷರ್ ಪಂಪು ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ತಳದ ತಗಡನ್ನು ಬಿಚ್ಚಿಯೇ ತೊಳೆಯಬೇಕು, ಬೇರೆ ಉಪಾಯವಿಲ್ಲ. ಕೊನೆಗೆ ಗಾಳಿ ಹೊಡೆದು ಒಣಗಿಸಿದ ಮೇಲಷ್ಟೇ ಸ್ಟಾರ್ಟ್ ಮಾಡಿ.

ಇನ್ನು, ಕೆಸರು ಹುಡುಕಿಕೊಂಡೇ ಇಲ್ಲಿಗೆ ಬರುವವರ ವಿಷಯ. ಇಲ್ಲಿನ ಮುದುಮಲೆ ಕಾಡು 1940ರಿಂದ ಅಭಯಾರಣ್ಯ, 2007ರಿಂದ ಹುಲಿ ಮೀಸಲು ಪ್ರದೇಶ. ಸೀಗೂರಿನ ಆನೆ ಕಾರಿಡಾರ್ ಅನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿದಿದೆ. ರಸ್ತೆ ಬಿಟ್ಟು ಈ ಕಾಡಿಗೆ ಗಾಡಿ ಇಳಿಸುವುದು ಅಪರಾಧ. ಹಳ್ಳದ ನೀರಿನಲ್ಲಿ ಜೀಪು ತೊಳೆದು ಗ್ರೀಸು, ಡೀಸೆಲ್ ಬಿಡುವುದು ಆನೆ ಕುಡಿಯುವ ನೀರಿಗೆ ವಿಷ ಹಾಕಿದಂತೆ. ಮಣ್ಣಿನೊಂದಿಗೆ ಪಾರ್ಥೇನಿಯಂನಂಥ ಕಳೆಗಳ ಬೀಜವೂ ಊರಿಂದೂರಿಗೆ ಸಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಇದೇ ಕಾರಣಕ್ಕೆ ವಾಹನ ತೊಳೆಯುವ ಕಟ್ಟೆಗಳನ್ನೇ ಕಟ್ಟಿದ್ದಾರೆ. ಮೈಸೂರು, ಬೆಂಗಳೂರಿನಿಂದ ಜೀಪು ತರುವವರು ಹೊರಡುವ ಮೊದಲೇ ಮನೆಯಂಗಳದಲ್ಲಿ ಬಾನೆಟ್ಟಿನೊಳಗನ್ನೂ ತಳವನ್ನೂ ತೊಳೆದುಕೊಂಡು ಬನ್ನಿ.