ಮನೇಲಿ ಸಂಕೇತಿ, ಬೀದೀಲಿ ಕನ್ನಡ: ಮಗು ಮಾತು ಅದಕ್ಕೇ ತಡವಾಗುತ್ತಾ?

ರುದ್ರಪಟ್ಟಣ: ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ಈ ಊರು ಅಂದ ಕೂಡಲೇ ನೆನಪಾಗೋದು ಸಂಗೀತ. ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ಆದರೆ ಇಲ್ಲಿನ ಕೂಸುಗಳ ಕಿವಿಗೆ ಬೀಳೋದು ರಾಗ ಮಾತ್ರ ಅಲ್ಲ, ಎರಡು ಭಾಷೆ. ಸಂಕೇತಿ ಮನೆಗಳಲ್ಲಿ ಒಳಗೆ ತಮಿಳು, ಮಲಯಾಳಂ, ಕನ್ನಡ ಬೆರೆತ ಸಂಕೇತಿ. ಜಗಲಿ ಇಳಿದರೆ ಕನ್ನಡ. ಉರ್ದು ಆಡುವ ಮನೆಗಳಲ್ಲೂ ಇದೇ ಕಥೆ. ಮಗು ಸ್ವಲ್ಪ ನಿಧಾನ ಅಂದ್ರೆ ಸಾಕು, ‘ಎರಡೆರಡು ಭಾಷೆ ಕಿವಿಗೆ ಬಿದ್ದು ಗೊಂದಲ ಆಗಿದೆ’ ಅಂತ ಯಾರಾದ್ರೂ ಹೇಳೇ ಹೇಳ್ತಾರೆ.

ಇದು ತಪ್ಪು. ಎರಡು ಭಾಷೆ ಕೇಳಿದ್ದರಿಂದ ಮಾತಿನ ತೊಂದರೆ ಬರೋದಿಲ್ಲ. ಒಂದೇ ವಾಕ್ಯದಲ್ಲಿ ಎರಡೂ ಬೆರೆಸಿದರೆ ಅದು ಗೊಂದಲವೂ ಅಲ್ಲ, ಸಿಕ್ಕ ಪದ ಬಳಸೋದು. ದೊಡ್ಡವರು ನಾವೂ ದಿನಾ ಅದನ್ನೇ ಮಾಡ್ತೀವಲ್ಲ!

ಕೂಸಿನ ಕಿವಿ ಹೊಟ್ಟೆಯಲ್ಲಿದ್ದಾಗಲೇ ಕೆಲಸ ಶುರು ಮಾಡುತ್ತೆ. ಹುಟ್ಟಿದ ಕೂಡಲೇ ತಾಯಿ ದನಿ ಗುರುತು ಹಿಡಿಯುತ್ತೆ. (ರಾಗ ಕೇಳಿಸಿದರೆ ಮಗು ಜಾಣ ಆಗುತ್ತೆ ಅಂತ ಇದರ ಅರ್ಥ ಅಲ್ಲ.) ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಒಂದು ಸಂಗತಿ ತೋರಿಸಿದರು. ಹಿಂದಿಯ ‘ತ’ ಮತ್ತು ‘ಟ’ ಬೇರೆ ಬೇರೆ ಅನ್ನೋದು ಇಂಗ್ಲಿಷ್ ಮನೆಯ 6-8 ತಿಂಗಳ ಕೂಸುಗಳಿಗೆ ಗೊತ್ತಾಗುತ್ತಿತ್ತು. 10-12 ತಿಂಗಳಿಗೆ ಬಹುಪಾಲು ಕೂಸುಗಳಿಗೆ ಗೊತ್ತಾಗುತ್ತಿರಲಿಲ್ಲ. ಕೇಳದ ದನಿಯನ್ನ ಕಿವಿ ಕೈಬಿಡುತ್ತೆ, ಕೇಳಿದ್ದನ್ನ ಗಟ್ಟಿ ಮಾಡಿಕೊಳ್ಳುತ್ತೆ. ಹಾಗಾಗಿ ಸಂಕೇತಿ ಬಿಟ್ಟು ಅರೆಬರೆ ಇಂಗ್ಲಿಷ್‌ನಲ್ಲಿ ಮಗುವನ್ನ ಮಾತಾಡಿಸೋದು ನಷ್ಟದ ವ್ಯಾಪಾರ. ನಿಮಗೆ ಸಲೀಸಾಗಿ ಬರೋ ಭಾಷೇಲೇ ಮಾತಾಡಿ.

ಆರೇಳು ತಿಂಗಳಿಗೆ ‘ಬಾಬಾ’, ‘ಮಾಮಾ’ ತೊದಲು, ವರ್ಷದ ಆಸುಪಾಸಲ್ಲಿ ಮೊದಲ ಪದ, ಎರಡು ತುಂಬುವಾಗ ‘ಅಜ್ಜಿ ಬಾ’, ‘ಹಾಲು ಬೇಡ’ ಥರ ಎರಡು ಪದದ ಜೋಡಣೆ. ಇನ್ನೂ ದೊಡ್ಡದಾದ ಮೇಲೆ ಮಗು ‘ತಿಂದೆ’ ಬದಲು ‘ತಿನ್ನಿದೆ’ ಅಂದರೆ ನಗಬೇಡಿ. ‘ಮಾಡಿದೆ’, ‘ನೋಡಿದೆ’ ಕೇಳಿ ತಾನೇ ಒಂದು ನಿಯಮ ಕಂಡುಕೊಂಡಿದೆ ಅಷ್ಟೇ. ‘ರ’, ‘ಳ’ ತಿರುಗೋದು ಇನ್ನೂ ತಡ.

ಅಂಗಡಿಯವರಿಗೆ ಒಂದು ಮಾತು. ಗಿರಾಕಿ ಬಂದಾಗ ಮಗು ಕೈಗೆ ಮೊಬೈಲ್ ಕೊಡೋದು ಅನಿವಾರ್ಯ ಅನ್ನಿಸುತ್ತೆ, ಒಪ್ಪೋಣ. ಆದರೆ ಅದರಿಂದ ಮಾತು ಕಲಿಯುತ್ತೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಪೆಟ್ರೀಷಿಯಾ ಕೂಲ್ ತಂಡ 2003ರಲ್ಲಿ 9 ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿತು. ಎದುರು ಕೂತು ಆಡಿಸಿದವರಿಂದ ಕೂಸುಗಳು ಆ ದನಿ ಕಲಿತವು, ಟಿವಿಯಿಂದ ಕಲಿಯಲಿಲ್ಲ. ತಕ್ಕಡಿಗೆ ಏನು ಹಾಕ್ತಿದ್ದೀರಿ ಅಂತ ಹೇಳ್ತಾ ಹೋದರೂ ಸಾಕು.

ನಿಜವಾದ ಅಪಾಯ ಬೇರೆ ಇದೆ: ಕಿವಿ ಕೇಳಿಸದೇ ಇರೋದು. ‘ಗಂಡು ಮಗು ನಿಧಾನ’, ‘ಅವರಪ್ಪನೂ ಹಾಗೇ ಇದ್ದ’ ಅಂತ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾ ಕೂತರೆ ಕಲಿಯುವ ವಯಸ್ಸೇ ಕಳೆದುಹೋಗುತ್ತೆ. ಬೆನ್ನ ಹಿಂದೆ ತಟ್ಟೆ ಬಿದ್ದರೂ ಬೆಚ್ಚದಿದ್ದರೆ, ವರ್ಷವಾದರೂ ತೊದಲದಿದ್ದರೆ, ಒಂದೂವರೆಗೆ ಒಂದು ಪದವೂ ಇಲ್ಲದಿದ್ದರೆ, ಬಂದ ಮಾತು ನಿಂತುಹೋದರೆ ಕಾಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗ ತೋರಿಸಿ, ಇಲ್ಲವೇ ಆಶಾ ಕಾರ್ಯಕರ್ತೆಗೆ ಹೇಳಿ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಹೋಗುವಾಗ ತಾಯಿ ಕಾರ್ಡ್ ಜೊತೆಗೆ, ಮಗು ಆಡೋ ಪದಗಳನ್ನ ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಕನ್ನಡದ್ದಷ್ಟೇ ಅಲ್ಲ, ಸಂಕೇತಿ, ಉರ್ದು ಪದಗಳೂ ಲೆಕ್ಕಕ್ಕೆ ಸೇರುತ್ತವೆ.